ಹೊಸ್ತಿಲು ದಾಟಿದ ಮೇಲೆ ನಿಂತ ಕಾರು

ಸಂತೆಬಾಚಹಳ್ಳಿಯಿಂದಾಚೆ, ಕೆರೆಯ ಏರಿ ಇಳಿದರೆ ಸಿಗುವ ಊರಿನಲ್ಲಿ ‘ಡೇರಿ ಲಲಿತಮ್ಮ’ ಎಂದರೆ ತಿಳಿಯದವರಿಲ್ಲ. ಮಹಿಳಾ ಹಾಲು ಸಂಘದ ಕಾರ್ಯದರ್ಶಿ ಅವಳು. ಹೊತ್ತು ಮೂಡುವ ಮೊದಲೇ ಕ್ಯಾನುಗಳ ಮುಂದೆ ನಿಂತು ಹಾಲು ಅಳೆಸಿಕೊಂಡು, ನೀರು ಬೆರೆಸಿದವರನ್ನು ಹೆಸರೆತ್ತದೆ ಗದರಿ, ಲಾರಿ ಹೊರಟ ಮೇಲೆಯೇ ಅವಳಿಗೆ ಮನೆಯ ಒಲೆಯ ನೆನಪಾಗುವುದು. ಐವತ್ತು ದಾಟಿದ ಮೇಲೆ ಕೆ.ಆರ್. ಪೇಟೆಗೆ ಹೋಗಿ ಕಾರು ಕಲಿತ ಹೆಂಗಸು ಆ ಊರಿನಲ್ಲಿ ಅವಳೊಬ್ಬಳೇ.

“ಕೈ ನಡುಗಾಕಿಲ್ವೇನಮ್ಮಿ?” ಎಂದು ಹಾಲು ಹಾಕಲು ಬಂದವರು ಕೇಳಿದರೆ, “ಸೀಮೆಹಸ ಹಿಡ್ದು ಕರೆದಿರೋ ಕೈ ಕಣಕ್ಕ. ಕಾರು ಒದೆಯಾಕಿಲ್ವಲ್ಲ!” ಎಂದು ನಗುತ್ತಿದ್ದಳು.

ಯುಗಾದಿ ಕಳೆದ ಮೇಲೆ ಮನೆಗೆ ಬಿಳಿಯ ಪೆಟ್ರೋಲ್ ಕಾರು ಬಂತು. ಗಂಡ ದೇವರಾಜು ಹುಟ್ಟಾ ಟ್ರಾಕ್ಟರಿನವನು. ಡೀಸೆಲ್ಲಿನ ವಾಸನೆಯಿಲ್ಲದ ಗಾಡಿಯನ್ನು ಅವನು ಗಾಡಿಯೆಂದೇ ಎಣಿಸಿದವನಲ್ಲ. ಕಾರು ಹುಲ್ಲಿನ ಮೆದೆಯ ಪಕ್ಕದ ಕೊಟ್ಟಿಗೆಯಲ್ಲಿ ನಿಲ್ಲುತ್ತಿತ್ತು. ಲಲಿತಮ್ಮ ಡೇರಿಯ ಸಭೆಗೆಂದು ಪಾಂಡವಪುರಕ್ಕೋ ಪೇಟೆಗೋ ಹೋಗುವಾಗ ಮಾತ್ರ ಹೊರಗೆ ಬರುತ್ತಿತ್ತು.

ಮಾಘದಲ್ಲಿ ಮಗಳು ಅರ್ಪಿತಳನ್ನು ಬಾಣಂತನ ಮುಗಿಸಿ ಗಂಡನ ಮನೆಗೆ ಕಳುಹಿಸುವ ದಿನ ಗೊತ್ತಾಯಿತು. ಬೀಗರ ಮನೆ ಶ್ರೀರಂಗಪಟ್ಟಣದ ಬಳಿಯ ಬಾಬುರಾಯನಕೊಪ್ಪಲು. “ಮಗಳನ್ನೂ ಮೊಮ್ಮಗನ್ನೂ ನಾನೇ ಕಾರಲ್ಲಿ ಬುಟ್ಟು ಬತ್ತೀನಿ” ಎಂದಳು ಲಲಿತಮ್ಮ. ಅದಕ್ಕೆ ಕಾರಣವಿತ್ತು. ಇದೇ ಅರ್ಪಿತಳನ್ನು ಎತ್ತಿಕೊಂಡು ತಾನು ತವರಿನಿಂದ ಈ ಮನೆಗೆ ಬಂದಾಗ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿರಲಿಲ್ಲ. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಕಂಬಿ. ಪ್ರತಿ ತಿರುವಿಗೂ ಮಡಿಲಕ್ಕಿ ಚೆಲ್ಲುತ್ತಿತ್ತು. ಆ ದಾರಿಯನ್ನು ಅವಳು ಮರೆತಿರಲಿಲ್ಲ.

ದೇವರಾಜು ಒಪ್ಪಲಿಲ್ಲ. “ಎಳೆಕೂಸು ಕಣೆ. ದಿಲೀಪನ ಬಾಡಿಗೆ ವ್ಯಾನು ಮಾಡ್ಕೊಂಡು ಓಗಾನ. ದಾರೀಲಿ ಕೈಕೊಟ್ರೆ ಬೀಗರ ಮುಂದೆ ಮೊಕ ಎಲ್ಲಿಕ್ಕಳಾದು?”

“ಕೈಕೊಟ್ರೆ ಅವತ್ತೇ ಕೀ ನಿಮ್ಮ ಕೈಗೆ ಕೊಡ್ತೀನಿ. ಆಮ್ಯಾಕೆ ಯಾರಾರ ಓಡಿಸ್ಕೊಳ್ಳಿ, ಮುಟ್ಟಾಕಿಲ್ಲ ನಾನು” ಎಂದುಬಿಟ್ಟಳು. ಆಡಿದ ಮೇಲೆ ಮಾತು ಹಿಂದಕ್ಕೆ ಬರುವುದಿಲ್ಲ. ಅತ್ತೆ ಚಿಕ್ಕಬೋರಮ್ಮ ಮಾತ್ರ, “ಶಾಸ್ತ್ರದ ಪ್ರಕಾರ ಕಳುಸಾದಾದ್ರೆ ಯಾರಾರ ಓಡುಸ್ಲಿ” ಎಂದು ಒಪ್ಪಿದಳು.

ಸೋಮವಾರ. ಏಳೂವರೆಗೆ ರಾಹುಕಾಲ ಹುಟ್ಟುತ್ತದೆ. ಅದಕ್ಕೆ ಮುಂಚೆ ಹೊರಡಬೇಕು. ಅಂಗಳದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಶಾಸ್ತ್ರಗಳು ಶುರುವಾದವು.

ತೊಳೆಯಬೇಕೆಂದು ಲಲಿತಮ್ಮ ಕಾರನ್ನು ಕೊಟ್ಟಿಗೆಯಿಂದ ಹೊರಗೆ ತಂದು ನಿಲ್ಲಿಸಿದಳು. ತೊಳೆದಾಯಿತು. “ಮೂಡ್ಲಾಗಿ ಮೊಕ ತಿರುಗುಸವ್ವ” ಎಂದಳು ಚಿಕ್ಕಬೋರಮ್ಮ. ತಿರುಗಿಸಿದಳು. “ಆಫ್ ಮಾಡು, ಗುರುಗುಟ್ಟೋ ಗಾಡಿಗೆ ಪೂಜೆ ಮಾಡಾರಾ?” ಆಫ್ ಮಾಡಿದಳು. ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಚಕ್ರಗಳಡಿಗೆ ನಿಂಬೆಹಣ್ಣು ಇಟ್ಟರು. ಮತ್ತೆ ಸ್ಟಾರ್ಟ್ ಮಾಡಿ ನಿಂಬೆಹಣ್ಣು ಜಜ್ಜಿ, ಬಾಗಿಲ ಮುಂದಕ್ಕೆ ತಂದು ನಿಲ್ಲಿಸಿದಳು. “ಹೊಗೆ ಕೂಸಿಗೆ ತಾಗ್ತದೆ, ಆಫ್ ಮಾಡು.” ಮತ್ತೆ ಆಫ್.

ಅರ್ಪಿತಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿದರು. ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟಿಟ್ಟರು. ಅವಳು ಬಲಗಾಲಿಟ್ಟು ಹೊಸ್ತಿಲು ದಾಟಿ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಳು. ಲಲಿತಮ್ಮ ದೇವರನ್ನು ನೆನೆದು ಕೀ ತಿರುಗಿಸಿದಳು.

ಎಂಜಿನ್ ಕಿರ್ರ್ ಕಿರ್ರೆಂದು ತಿರುಗಿತು. ಹತ್ತಲಿಲ್ಲ. ಮತ್ತೊಮ್ಮೆ ತಿರುಗಿಸಿದಳು. ಅದೇ ಕಿರ್ರ್.

“ಏನೇ ಮಾಡ್ದೆ?” ಎಂದ ದೇವರಾಜು.

“ನಾನೇನ್ ಮಾಡ್ಲಿ? ದಿನಾ ಮಾಡೋದ್ನೇ ಮಾಡ್ದೆ.”

ಪಕ್ಕದ ಮನೆಯ ಕರಿಯಪ್ಪ, ದೇವರಾಜುವಿನ ದೊಡ್ಡಪ್ಪನ ಮಗ, ಹಲ್ಲುಜ್ಜುತ್ತಿದ್ದವನು ಹಾಗೆಯೇ ಬಂದ. “ಬ್ಯಾಟ್ರಿ ಕಣ್ಲಾ ದೇವ, ಬ್ಯಾಟ್ರಿ ಸತ್ತದೆ.” ಲಲಿತಮ್ಮ ದೀಪ ಹಾಕಿ ತೋರಿಸಿದಳು; ಗೋಡೆಯ ಮೇಲೆ ಬೆಳಕು ಬೆಳ್ಳಗೆ ಬಿತ್ತು. ಹಾರ್ನ್ ಒತ್ತಿದಳು, ಕಟ್ಟಿದ ಎಮ್ಮೆ ಹಗ್ಗ ಜಗ್ಗಿತು. “ಬ್ಯಾಟ್ರಿ ಸತ್ತಿದ್ರೆ ಎಂಜಿನ್ ಇಷ್ಟು ಜೋರಾಗಿ ತಿರುಗ್ತಿತ್ತಾ ಭಾವ?” ಪೆಟ್ರೋಲಿನ ಮುಳ್ಳು ಅರ್ಧಕ್ಕಿಂತ ಮೇಲಿತ್ತು. ಗೇರು ನ್ಯೂಟ್ರಲ್‌ನಲ್ಲಿತ್ತು. ಮೆದೆಯ ಇಲಿ ವೈರು ಕಡಿದಿರಬಹುದೆಂದು ಬಾನೆಟ್ ಎತ್ತಿ ಬಗ್ಗಿ ನೋಡಿದರು. ವೈರುಗಳೆಲ್ಲ ನೆಟ್ಟಗಿದ್ದವು.

“ಇಳಿಯವ್ವ, ನಾನೊಂದು ಕೈ ನೋಡ್ತೀನಿ” ಎಂದು ಕರಿಯಪ್ಪ ಸೀಟಿಗೆ ಹತ್ತಿ, ಅಕ್ಸಿಲರೇಟರನ್ನು ಪುಸುಪುಸು ಒತ್ತುತ್ತ ಕೀ ತಿರುಗಿಸಿದ. ಪೆಟ್ರೋಲಿನ ವಾಸನೆ ಅಂಗಳಕ್ಕೆಲ್ಲ ಹರಡಿತು, ಕಾರು ಅಲ್ಲಾಡಲಿಲ್ಲ. “ಬಡ್ಡೆತ್ತದು! ಟ್ರಾಕ್ಟರ್ ತಕ್ಕಂಬಾ ದೇವ, ಹಗ್ಗ ಕಟ್ಟಿ ಎಳಿಯಾನ.”

ಕೂಸು ಅಳತೊಡಗಿತು. “ಒಳೀಕೆ ಓಗಿ ಹಾಲು ಕುಡುಸ್ಲೇನವ್ವ?” ಎಂದಳು ಅರ್ಪಿತ.

“ಹೊಸ್ಲು ದಾಟವಳೆ, ಮಡ್ಲು ತುಂಬೈತೆ. ಇನ್ನು ಗಂಡನ ಮನೆಗೇಯ. ಹಿಂದ್ಕೆ ಕಾಲಿಡಂಗಿಲ್ಲ” ಎಂದಳು ಚಿಕ್ಕಬೋರಮ್ಮ.

“ಅಂಗಾದ್ರೆ ಒಂದು ತೊಟ್ಲೂ ಕಾರೊಳೀಕೇ ಕಟ್ಬುಡಜ್ಜಿ. ನಾಮಕರಣನೂ ಇಲ್ಲೇ ಆಗೋಗ್ಲಿ.”

ದೇವರಾಜು ಫೋನ್ ಹಿಡಿದು ಪಕ್ಕಕ್ಕೆ ಹೋದ. ದಿಲೀಪನಿಗೆ ಫೋನ್ ಮಾಡುತ್ತಿದ್ದಾನೆಂಬುದು ಲಲಿತಮ್ಮನಿಗೆ ಹೇಳದೆಯೇ ತಿಳಿಯಿತು. ದಿಲೀಪ ಎತ್ತಲಿಲ್ಲ. ದೇವರಾಜು ಅಲ್ಲೇ ನಿಂತು ಮತ್ತೆ ಮತ್ತೆ ಒತ್ತುತ್ತಿದ್ದ. ಲಲಿತಮ್ಮ ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕೊಡಬೇಕಾದ ಹೊತ್ತು ಬಂದೇಬಿಟ್ಟಿತೇನೋ ಎನಿಸಿತು. ಆದರೂ ಕೊಡುವ ಮುಂಚೆ, ಕಾರಿನ ಸರ್ವಿಸ್ ಮಾಡಿಸುವ ಪೇಟೆಯ ಅಶೋಕನಿಗೆ ಫೋನ್ ಮಾಡಿದಳು. ಆಚಾರಿಗಳ ಮನೆಯ ಹುಡುಗ. ಅಪ್ಪ ಕುಲುಮೆಯಲ್ಲಿ ಕುಡುಗೋಲು ಹದ ಮಾಡುತ್ತಿದ್ದ, ಮಗ ಕಾರು ಬಿಚ್ಚುತ್ತಾನೆ.

“ಅಮ್ಮ, ಎಂಜಿನ್ ತಿರುಗ್ತಾ ಐತಾ?”

“ತಿರುಗ್ತದೆ. ಹತ್ತಾಕಿಲ್ಲ.”

“ಪೆಟ್ರೋಲ್ ವಾಸನೆ ಬತ್ತದಾ?”

“ಮೂಗು ಮುಚ್ಕಬೇಕು, ಅಂಗೆ.”

“ಬೆಳಗಿಂದ ಏನೇನ್ ಮಾಡುದ್ರಿ, ಒಂದೂ ಬುಡ್ದೆ ಹೇಳಿ.”

ಲಲಿತಮ್ಮ ಹೇಳಿದಳು: ತೊಳೆಯಲು ತಂದದ್ದು, ಮೂಡಲಿಗೆ ತಿರುಗಿಸಿದ್ದು, ನಿಂಬೆಹಣ್ಣು ಜಜ್ಜಿದ್ದು, ಒಂದೊಂದಕ್ಕೂ ಆಫ್ ಮಾಡಿದ್ದು. ಆ ಕಡೆ ಅಶೋಕ ನಕ್ಕ.

“ಟ್ರಾಕ್ಟರಾಗಿದ್ರೆ ತಡ್ಕೊಳ್ತಿತ್ತು ಕಣಮ್ಮ. ಪೆಟ್ರೋಲ್ ಎಂಜಿನ್ನು ಚಳೀಲಿ ಏಳ್ಬೇಕಾದ್ರೆ ಜಾಸ್ತಿ ಪೆಟ್ರೋಲ್ ಎಳ್ಕತದೆ. ಬಿಸಿಯಾಗಾಕೆ ಬುಡ್ದೆ ಗಳಿಗೆಗೊಂದ್ಸಲ ಆಫ್ ಮಾಡುದ್ರೆ ಉರೀದೆ ಉಳಿದಿದ್ದು ಅಲ್ಲೇ ನಿಂತ್ಕತದೆ. ಪ್ಲಗ್ಗು ಒದ್ದೆಯಾಗವೆ, ಕಿಡಿ ಹತ್ತಾಕಿಲ್ಲ. ಕಾರಿಗೇನೂ ಆಗಿಲ್ಲ.”

“ಎಳಿಸ್ಲಾ?”

“ಬ್ಯಾಡಿ, ಉರೀದಿರೋ ಪೆಟ್ರೋಲ್ ನುಗ್ಗಿ ಸೈಲೆನ್ಸರ್ ಹಾಳಾಯ್ತದೆ. ಸ್ವಲ್ಪ ಹೊತ್ತು ಸುಮ್ನೆ ಬುಡಿ. ಆಮ್ಯಾಕೆ ಅಕ್ಸಿಲರೇಟರ್ ಪೂರ್ತಿ ತಳಕ್ಕಂಟ ತುಳಿದು, ಅಂಗೇ ಹಿಡ್ಕಂಡು ಕೀ ತಿರುಗ್ಸಿ. ಅಂಗೆ ತುಳುದ್ರೆ ಪೆಟ್ರೋಲ್ ಬರಾದು ನಿಲ್ತದೆ, ಬರೀ ಗಾಳಿ ಒಳೀಕೋಯ್ತದೆ. ಹತ್ತಿದ ತಕ್ಷಣ ಕಾಲು ತೆಗೀರಿ.”

ಸ್ಟಾರ್ಟ್ ಮಾಡುವಾಗ ಅಕ್ಸಿಲರೇಟರ್ ಮುಟ್ಟಲೇಬಾರದೆಂದು ಕಲಿತವಳು ಅವಳು. ಎದುರಿಗೆ ಕಾಂಪೌಂಡ್ ಗೋಡೆ, ಹಿಂದೆ ಮಗಳು, ಮೊಮ್ಮಗ. ಕೂಸನ್ನು ಎತ್ತಿಕೊಂಡು ಕೆಳಗಿಳಿದು ನಿಲ್ಲುವಂತೆ ಅರ್ಪಿತಳಿಗೆ ಹೇಳಿದಳು. ಚಿಕ್ಕಬೋರಮ್ಮ ಬಾಯಿ ತೆರೆಯುವ ಮೊದಲೇ, “ಅಂಗಳಕ್ಕಿಳೀತಾವ್ಳೆ ಅತ್ತೆ, ಹೊಸ್ಲೊಳೀಕಲ್ಲ” ಎಂದಳು. ಹ್ಯಾಂಡ್‌ಬ್ರೇಕ್ ಎಳೆದು, ಗೇರು ಅಲ್ಲಾಡಿಸಿ ನೋಡಿಕೊಂಡು ಕಾದಳು. ಕರಿಯಪ್ಪ ಬಾಯಿ ತೊಳೆದು ಬರುವಷ್ಟು ಹೊತ್ತು ಕಳೆಯಿತು.

ಆಮೇಲೆ ಅಕ್ಸಿಲರೇಟರನ್ನು ತಳಕ್ಕೆ ತುಳಿದು ಕೀ ತಿರುಗಿಸಿದಳು. ಬರೀ ಕಿರ್ರ್.

“ಬುಟ್ಬುಡೇ, ಇರೋದೂ ಕೆಟ್ಟೋಯ್ತದೆ” ಎಂದ ದೇವರಾಜು.

ಅವಳು ಕಾಲು ತೆಗೆಯಲಿಲ್ಲ. ಎರಡನೆಯ ಸಲ ತಿರುಗಿಸಿದಾಗ ಎಂಜಿನ್ ಒಮ್ಮೆ ಕೆಮ್ಮಿತು, ಕುಲುಕಿತು, ಮತ್ತೆ ಕೆಮ್ಮಿತು, ಹತ್ತಿಕೊಂಡು ಭೋರೆಂದಿತು. ಕಾಲು ತೆಗೆದಳು. ಹಿಂದಿನಿಂದ ಕಪ್ಪು ಹೊಗೆ ಬಂದು ತೆಳ್ಳಗಾಯಿತು. ನಡುಗುತ್ತಿದ್ದ ಸದ್ದು ಬರಬರುತ್ತ ಒಂದೇ ಸಮನಾಯಿತು.

“ಆಫ್ ಮಾಡವ್ವ, ಇನ್ನೊಂದ್ಸಲ ಆರತಿ ಎತ್ಬುಡ್ತೀನಿ” ಎಂದು ಚಿಕ್ಕಬೋರಮ್ಮ ತಟ್ಟೆ ಹಿಡಿದು ಬಂದಳು.

ಮದುವೆಯಾಗಿ ಬಂದಂದಿನಿಂದ ಶಾಸ್ತ್ರದ ವಿಷಯದಲ್ಲಿ ಲಲಿತಮ್ಮ ಅತ್ತೆಗೆ ಎದುರಾಡಿದವಳಲ್ಲ. “ಆಫ್ ಮಾಡಾಕಿಲ್ಲ ಅತ್ತೆ” ಎಂದಳು. “ಇದು ಗುರುಗುಟ್ತಾನೇ ಇರ್ಲಿ. ನೀವು ಇಂಗೇ ಎತ್ತಿ.”

ಚಿಕ್ಕಬೋರಮ್ಮ ಸೊಸೆಯ ಮುಖ ನೋಡಿದಳು, ಕಾರಿನ ಮುಖ ನೋಡಿದಳು. ಏನನ್ನಿಸಿತೋ, ಗುರುಗುಟ್ಟುವ ಗಾಡಿಗೇ ಆರತಿ ಎತ್ತಿ, “ಓಗ್ಬುಟ್ಟು ಬನ್ನಿ, ರಾಹುಕಾಲ ಬಂದ್ಬುಡ್ತದೆ” ಎಂದು ಅವಸರಪಡಿಸಿದಳು. ಅರ್ಪಿತ ಮತ್ತೆ ಹತ್ತಿ ಕುಳಿತಳು. ದೇವರಾಜು ಪಂಚೆ ಸರಿಮಾಡಿಕೊಂಡು ಮುಂದಿನ ಸೀಟಿಗೆ ಬಂದ.

ಕೆರೆಯ ಏರಿ ಹತ್ತುತ್ತಿದ್ದಾಗ ಅವನ ಫೋನ್ ಬಡಿದುಕೊಂಡಿತು. ದಿಲೀಪ.

“ಏನಿಲ್ಲ ಕಣ್ಲಾ” ಎಂದ ದೇವರಾಜು, ಹೆಂಡತಿಯ ಕಡೆ ನೋಡದೆ. “ವ್ಯಾನು ಬ್ಯಾಡ. ನಮ್ಮನೆಯೋಳೇ ಓಡುಸ್ತಾವಳೆ.” ಫೋನನ್ನು ಜೇಬಿಗಿಟ್ಟುಕೊಂಡು ಕೇಳಿದ: “ಪಾಂಡವಪುರದಲ್ಲಿ ಒಂದು ಲೋಟ ಕಾಫಿಗೆ ನಿಲ್ಲುಸ್ತೀಯಾ?”

“ನಿಲ್ಲುಸ್ತೀನಿ” ಎಂದಳು ಲಲಿತಮ್ಮ. “ಅಷ್ಟೊತ್ತಿಗೆ ಎಂಜಿನ್ನೂ ಬಿಸಿಯಾಗಿರ್ತದೆ.”