ಕಾಕಾ ಕೇಳದೆ ತೆಗೆದ ಫೋಟೋ

ದಸರೆಗೆಂದು ಮನೆಗೆ ಸುಣ್ಣ ಹಚ್ಚುವಾಗ ಗೋಡೆಯ ಮೇಲಿನ ಫೋಟೋ ಇಳಿಸಿದೆ. ಕೈಜಾರಿ ಗಾಜು ಸೀಳು ಬಿಟ್ಟಿತು. ಜಾರೀತು ಜಾರೀತು ಎಂದು ಅಂಜಿ ಹಿಡಿದದ್ದು ನನ್ನ ಕೈಯಿಂದ ಜಾರದೆ ಉಳಿದದ್ದೇ ಇಲ್ಲ. ಹಿಂದಿನ ರಟ್ಟು ಬಿಚ್ಚಿದಾಗ ಹಳೆಯ ಫೋಟೋ ಕಾಗದದ ಹುಳಿ ವಾಸನೆ ಬಂತು. ಜಮಖಂಡಿ ಬಜಾರದ ಒಂದು ಕತ್ತಲೆ ಕೋಣೆಯ ವಾಸನೆ ಅದು. ಅದರ ಹಿಂದೆಯೇ ಫೋಟೋ ಕಾಕಾ ಬಂದು ನಿಂತಂತಾಯಿತು...

ಆ ಫೋಟೋದಲ್ಲಿ ನಾನೂ ಇದ್ದೇನೆ. ಒಂದು ಭುಜ, ಅರ್ಧ ಕಿವಿ, ಅಷ್ಟೇ. ಅದೂ ಮಬ್ಬಾಗಿ.

ಫೋಟೋ ಕಾಕಾ ನಮಗೆ ಬಂಧುವಲ್ಲ. ಬಜಾರದಲ್ಲಿ ಸ್ಟುಡಿಯೋ ಇಟ್ಟಿದ್ದರು, ಸುತ್ತಲಿನ ಊರುಗಳ ಮದುವೆಗೆಲ್ಲ ಅವರೇ ಬರುತ್ತಿದ್ದರು. ತೆಳ್ಳಗಿನ ಮನುಷ್ಯ. ಮಾತು ಕಡಿಮೆ. ಕ್ಯಾಮೆರಾ ಹಿಡಿದು ಹಿಡಿದು ಎಡಗಣ್ಣು ಮುಚ್ಚುವುದೇ ರೂಢಿಯಾಗಿ, ಚಹಾ ಕುಡಿಯುವಾಗಲೂ ಒಂದೇ ಕಣ್ಣಿನಿಂದ ನಮ್ಮನ್ನು ನೋಡುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಅಕ್ಷತೆ, ಗುಂಪಿನ ಫೋಟೋ ಎಲ್ಲ ಮುಗಿದ ಮೇಲೆ ಸುಮ್ಮನೆ ಒಂದು ಸುತ್ತು ಹಾಕುವರು. ಯಾರೂ ಹೇಳದ, ಯಾರನ್ನೂ ಕೇಳದ ಒಂದೇ ಒಂದು ಫೋಟೋ ತೆಗೆಯುವರು. ಅದು ಆಲ್ಬಮ್ಮಿಗೆ ಬರುತ್ತಿರಲಿಲ್ಲ. ಕೆಲವು ತಿಂಗಳ ಮೇಲೆ ಆ ಮನೆಯವರು ಸ್ಟುಡಿಯೋಕ್ಕೆ ಬಂದು, "ಕಾಕಾ, ನಮ್ಮ ಆಯಿ ಹೋದ್ಳರಿ. ಮಾಲಿ ಹಾಕಾಕ ಒಂದ ಫೋಟೋ ಇಲ್ಲ" ಎಂದರೆ, ಕಾಕಾ ಮೇಜಿನ ಖಾನೆ ಎಳೆಯುವರು. ಅಲ್ಲಿ ಆ ಆಯಿಯ ಫೋಟೋ, ದೊಡ್ಡದು ಮಾಡಿ ರಟ್ಟಿಗೆ ಅಂಟಿಸಿ, ಮೊದಲೇ ಸಿದ್ಧವಾಗಿರುತ್ತಿತ್ತು. ಮುದುಕಿಯದಾದರೆ ಇರಲಿ... ಒಮ್ಮೆ ಕುಸ್ತಿ ಹಿಡಿಯುವ ಗಟ್ಟಿ ಆಳಿನದೂ ಇತ್ತಂತೆ.

ಹೀಗಾಗಿ ಕಾಕಾ ಊಟದ ಪಂಗತಿಯ ಕಡೆ ಬಂದರೆ, "ಏ, ಬಂದ್ರಲೇ! ಮಾರಿ ತಿರವ್ಕೋರಿ" ಎಂದು ಜನ ಹುಗ್ಗಿಗೂ ಬೆನ್ನು ಕೊಟ್ಟು ಕೂಡುತ್ತಿದ್ದರು. ಹಾಗಾದರೆ ಬೇರೆಯವರನ್ನು ಕರೆಯಬಾರದೇ? ಮುಧೋಳದವರನ್ನು ಕರೆಸಿದ್ದು ಗೊತ್ತಾಗಿ ಕಾಕಾ ಸಿಟ್ಟಿನಿಂದ ಹಾದಿಯಲ್ಲೇ ನಮ್ಮದೊಂದು ತೆಗೆದುಬಿಟ್ಟರೆ!

ನನ್ನ ಮದುವೆ ತೇರದಾಳದ ಆಚೆ, ಸೋದರಮಾವನ ತೋಟದ ಮನೆಯಲ್ಲಿ ಆಯಿತು. ಮಾವನ ಮಗಳನ್ನೇ ತಂದುಕೊಂಡದ್ದರಿಂದ ಬೀಗರ ಬಿಗುಮಾನವಿಲ್ಲ, ಮುನಿಸಿಲ್ಲ, ಬ್ಯಾಂಡಿಲ್ಲ. ಬೆಳಿಗ್ಗೆಯೇ ಅಕ್ಷತೆ ಬಿದ್ದು, ಉಂಡ ಜನ ಬೇವಿನ ಗಿಡದ ಕೆಳಗೆ ಹೊರಸು ಎಳೆದುಕೊಂಡು ಉರುಳಿದ್ದರು. ಮದುಮಗಳು ಬಾಸಿಂಗ ಬಿಚ್ಚಿಟ್ಟು ಪಡಸಾಲೆಯಲ್ಲಿ ಗೆಳತಿಯರೊಡನೆ ಪಗಡೆ ಆಡುತ್ತಿದ್ದಳು. ಇಷ್ಟು ಸುಸೂತ್ರವಾಗಿ ಆದ ಮೇಲೆ ಏನೋ ಕೆಡುಕು ಕಾದಿದೆ ಎಂದು ಚಿಂತೆ ಮಾಡುತ್ತಿದ್ದವನು ನಾನೊಬ್ಬನೇ.

ನಡು ಮಧ್ಯಾಹ್ನ. ಕಬ್ಬಿನ ಗರಿ ಕೂಡ ಅಲುಗುತ್ತಿರಲಿಲ್ಲ. ನೀರೆತ್ತುವ ಇಂಜಿನ್ ಒಮ್ಮೆಲೇ ನಿಂತಿತು. ಅಷ್ಟು ಹೊತ್ತು ಅದು ಬಡಿಯುತ್ತಿತ್ತೆಂದು ತಿಳಿದದ್ದೇ ನಿಂತಾಗ. ಕೈ ತೊಳೆಯಲು ಹಿತ್ತಲಿಗೆ ಬಂದೆ. ಎದುರಿಗೆ ಉರಿ ಬಿಸಿಲಿನಲ್ಲಿ ಕಾಕಾ, ಕ್ಯಾಮೆರಾ ಕಣ್ಣಿಗೆ ಹಿಡಿದು ನಿಂತಿದ್ದರು. ಎಡಗೈ ಬೀಸಿದರು. ಬಾ ಎಂದರೇನೋ ಎಂದು ಒಂದು ಹೆಜ್ಜೆ ಮುಂದೆ ಬಂದೆ.

ಟಕ್ ಎಂದಿತು.

ಕಾಕಾ ನನ್ನ ಮುಖ ನೋಡಲಿಲ್ಲ. ಚರ್ಮದ ಚೀಲದ ಗುಂಡಿ ಹಾಕಿಕೊಂಡು, ಕಬ್ಬಿನ ನಡುವಿನ ಕಾಲುದಾರಿ ಹಿಡಿದು ಹೋಗಿಬಿಟ್ಟರು. ಊಟಕ್ಕೂ ನಿಲ್ಲಲಿಲ್ಲ.

ಅಂದಿನಿಂದ ನಾನು ಹೊಳೆಗೆ ಇಳಿಯಲಿಲ್ಲ, ಬಸ್ಸಿನ ಬಾಗಿಲ ಬಳಿ ಕೂಡಲಿಲ್ಲ, ಕಾಯಿಸದ ನೀರು ಕುಡಿಯಲಿಲ್ಲ. "ಅಲ್ರಿ, ಎಲಿ ಅಡಿಕಿ ಸುಣ್ಣಕ್ಕೂ ಅಂಜತೀರಿ. ನನ್ನ ಕೈಯಾಗಿನ ಅಡಗಿಗೆ ಅಂಜಿಕಿ ಬರೂದಿಲ್ಲೇನು?" ಎಂದು ಹೊಸ ಹೆಂಡತಿ ನಗುತ್ತಿದ್ದಳು. ಅವಳ ಹಣೆಯ ಕುಂಕುಮ ನೋಡಿದಾಗಲೆಲ್ಲ ನನಗೆ ಬೆವರು ಬರುತ್ತಿತ್ತು. ಕೊನೆಗೆ ತಡೆಯಲಾರದೆ ಸ್ಟುಡಿಯೋಕ್ಕೆ ಹೋದೆ.

"ಕಾಕಾ, ಆ ಫೋಟೋ ಹರದ ಒಗೀರಿ. ನಂದಿನ್ನೂ ಈಗರ ಲಗ್ನ ಆಗೇತಿ."

"ಯಾವ ಫೋಟೋ?"

"ತ್ವಾಟದ ಮನ್ಯಾಗ ತಗದ್ರಲ್ರಿ, ನಂದು."

ಕಾಕಾ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಅದು ನಿಂದಲ್ಲೋ ತಮ್ಮಾ. ಬಾಜೂಕ ಸರಿ ಅಂತ ಕೈ ಬೀಸಿದ್ರ ಮುಂದ ಬಂದಿ. ನೀ ಅಡ್ಡ ಬಂದಾಂವ" ಎಂದು ಖಾನೆ ಎಳೆದರು.

ಉಸಿರು ಬಿಟ್ಟೆ. ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು. ನನ್ನ ಮಬ್ಬು ಭುಜದ ಹಿಂದೆ, ಹಿತ್ತಲ ಕಟ್ಟೆಯ ಮೇಲೆ, ತಾಮ್ರದ ಕೊಡದ ಮಗ್ಗುಲಿಗೆ ಅವ್ವ ಕೂತಿದ್ದಳು. ಅವಳ ಒಂದೊಂದು ಕೂದಲೂ ಬಿಡಿಬಿಡಿಯಾಗಿ ಕಾಣುತ್ತಿತ್ತು.

"ಯಾಕ್ರಿ ಕಾಕಾ? ಅವ್ವ ಗಟ್ಟಿ ಅದಾಳಲ್ರಿ!"

"ನಾ ಏನ ಮಾಡ್ಲಿ? ಒಮ್ಮೊಮ್ಮಿ ನಾ ಕ್ಯಾಮೆರಾದ ಕಾಚು ತಿರುವೂಕಿಂತ ಮೊದಲ ಒಂದ ಮಾರಿ ತಾನ ನಿಚ್ಚಳ ಆಗತೈತಿ. ಉಳದವರೆಲ್ಲಾ ಮಬ್ಬ. ತಗೀಲಿಲ್ಲಂದ್ರ ಅದು ಕಣ್ಣ ಬಿಟ್ಟ ಹೋಗಂಗಿಲ್ಲ." ಯಾರ ಮಾರಿ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕಣ್ಣೆದುರಿಗೇ ಇತ್ತಲ್ಲ. ಫೋಟೋ ನನ್ನ ಕೈಗೆ ಇಟ್ಟರು. "ನೀನ ಒಯ್ಯಿ. ಮುಂದ ಕೇಳಾಕ ಬಂದ್ರ ಕೊಡಾಕ ಇಲ್ಲಿ ಯಾರಿರತಾರ?"

ಅದನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟು, ಅವ್ವನ ಹಿಂದೆ ಬಿದ್ದೆ. ಅವಳು ಸೀನಿದರೆ ದವಾಖಾನೆ, ಕೆಮ್ಮಿದರೆ ದವಾಖಾನೆ. "ಏನಲೇ, ಸಣ್ಣ ಕೂಸಿನಂಗ ನನ್ನ ಸೆರಗ ಹಿಡದ ತಿರಗತಿ? ಹೇಂತಿ ಹೊರಗ ಹಾಕ್ಯಾಳೇನು?" ಎಂದು ಅವ್ವ ಬೈಯುತ್ತಿದ್ದಳು. ಅವಳು ಮಲಗಿದಾಗ ಎದೆ ಏರಿಳಿಯುವುದನ್ನು ನೋಡುತ್ತ ಕೂಡುತ್ತಿದ್ದೆ.

ಆ ವರುಷ ಮುಗಿಯುವ ಮೊದಲೇ ಸುದ್ದಿ ಬಂತು. ಸ್ಟುಡಿಯೋ ಬಾಗಿಲು ತೆರೆಯಲಿಲ್ಲವೆಂದು ಒಡೆದು ನೋಡಿದರೆ, ಫೋಟೋ ತೆಗೆಸಿಕೊಳ್ಳುವವರು ಕೂಡುವ ಕುರ್ಚಿಯಲ್ಲಿ ಕಾಕಾ ಕೂತಿದ್ದರಂತೆ, ಪರದೆಗೆ ಬೆನ್ನು ಹಚ್ಚಿ... ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಅಕ್ಕನ ಮಗ ಬಂದು, ಮಾಲೆ ಹಾಕಲೊಂದು ಫೋಟೋ ಬೇಕೆಂದು ಖಾನೆಯನ್ನೆಲ್ಲ ಸುರುವಿ ಹುಡುಕಿದ. ಸುತ್ತಲಿನ ಊರುಗಳ ಮುಖವೆಲ್ಲ ಇತ್ತು, ಅವರದಿರಲಿಲ್ಲ.

ಅಂದು ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿ, ಟ್ರಂಕಿನಿಂದ ಫೋಟೋ ತೆಗೆದುಕೊಟ್ಟೆ. ಅವ್ವ ತನ್ನ ಮುಖ ನೋಡಿಕೊಳ್ಳಲಿಲ್ಲ. "ಕೊಡ ಎಷ್ಟ ಫಳಫಳ ಬಂದೈತಿ ನೋಡಲೇ! ಮುಂಜಾನಿ ನಾನ ಹುಣಸಿಹಣ್ಣ ಹಚ್ಚಿ ತಿಕ್ಕಿದ್ನಿ" ಎಂದಳು. ಆಮೇಲೆ ಫೋಟೋ ಕಣ್ಣಿನ ಹತ್ತಿರ ತಂದಳು.

"ಲೇ... ಇದರ ಹೊಟ್ಟ್ಯಾಗ ಅಂವ ಅದಾನ."

ಕೊಡದ ಹೊಟ್ಟೆಯಲ್ಲಿ, ಜೋಳದ ಕಾಳಿನಷ್ಟು, ಕಾಕಾ ನಿಂತಿದ್ದರು. ಬಲು ನಿಚ್ಚಳವಾಗಿ. ಕ್ಯಾಮೆರಾ ಎದೆಯ ಮೇಲಿತ್ತು. ನಾನು ಕಂಡಾಗ ಅದು ಕಣ್ಣಿಗಿತ್ತು, ಆಣೆ ಮಾಡಿ ಹೇಳಬಲ್ಲೆ... ಎಡಗಣ್ಣೂ ತೆರೆದಿತ್ತು. ಎರಡೂ ಕಣ್ಣಿನಿಂದ ಅವರು ಯಾರನ್ನಾದರೂ ನೋಡಿದ್ದನ್ನು ನಾನು ಕಂಡಿರಲೇ ಇಲ್ಲ.

ಅವ್ವನ ಮಾತಿನಂತೆ ಅದನ್ನು ಕಾಕಾನ ಅಕ್ಕನ ಮಗನಿಗೆ ಒಯ್ದು ಕೊಟ್ಟೆ. ಕೆಲವು ದಿನದಲ್ಲಿ ಅವನು ಮರಳಿ ತಂದ. "ದೊಡ್ಡದು ಮಾಡಿಸಿ ನೋಡಿದ್ವಿರಿ. ಬರೇ ಹೊಳಪ ಐತಿ, ಯಾರೂ ಕಾಣಂಗಿಲ್ಲ."

ಅವ್ವ ಮತ್ತೆ ಬಹಳ ವರುಷ ಇದ್ದಳು. ಮೊಮ್ಮಕ್ಕಳ ಜವಳ ಮಾಡಿಸಿದಳು, ನನ್ನನ್ನು ಮನಸಾರೆ ಬೈದಳು. ಅವಳು ಹೋದ ಮೇಲೆ ಮಾಲೆ ಹಾಕಲು ಬೇರೆ ಫೋಟೋ ಸಿಗದೆ ಇದನ್ನೇ ಗೋಡೆಗೆ ಹಾಕಿದೆವು. ಕಾಕಾನಿಗೆ ಬೇರೆ ಫೋಟೋ ಇಲ್ಲವಾದ್ದರಿಂದ, ಅವ್ವನಿಗೆ ಹಾಕಿದ ಮಾಲೆಯಲ್ಲೇ ಅವರಿಗೂ ಪಾಲು.

ಸುಣ್ಣ ಆರಿದ ಮೇಲೆ ಹೊಸ ಗಾಜು ಹಾಕಿಸಿ ತಂದೆ. ಮೊಳೆಗೆ ಸಿಕ್ಕಿಸಿ, ಕೊಡದಲ್ಲಿ ಕಾಕಾ ಇನ್ನೂ ಇದ್ದಾರೋ ಇಲ್ಲವೋ ನೋಡೋಣವೆಂದು ಮುಖ ಹತ್ತಿರ ಒಯ್ದೆ. ಹೊಸ ಗಾಜಿನ ಹೊಳಪಿಗೆ ಕಾಕಾ ಕಾಣಲಿಲ್ಲ, ಅವ್ವನೂ ಮಬ್ಬಾದಳು. ಕಂಡದ್ದು ನನ್ನ ಮುಖವೊಂದೇ, ಬಲು ನಿಚ್ಚಳವಾಗಿ.

"ಫೋಟೋ ಸ್ವಟ್ಟ ಆಗೇತೇನ ನೋಡ್ತೀನಿ. ಬಾಜೂಕ ಸರೀರಿ, ಅಡ್ಡ ನಿಂತೀರಿ" ಎಂದಳು ಹೆಂಡತಿ ಹಿಂದಿನಿಂದ.

ಈ ಸಲ ಲಗುಬಗೆಯಿಂದ ಸರಿದೆ.