ಮೌಶಿಯ ಕರುಳು ಟಿವಿಯಲ್ಲಿ ಕಂಡ ದಿನ

ಮೊನ್ನೆ ನಿಪ್ಪಾಣಿಯ ಹಳೆ ಓಣಿಯೊಂದರಲ್ಲಿ ಹೋಗುವಾಗ ಯಾರದೋ ಅಡುಗೆಮನೆಯಿಂದ ತಂಬಾಕು ಹುರಿಯುವ ವಾಸನೆ ಬಂತು. ಕಣ್ಣು ಉರಿಸಿ ಗಂಟಲು ಕೆರೆಯುವ ವಾಸನೆ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದರೆ ಮಶೇರಿ. ನಮ್ಮ ಕಡೆ ಎಷ್ಟೋ ಹೆಂಗಸರು ಅದರಿಂದಲೇ ಹಲ್ಲುಜ್ಜುತ್ತಿದ್ದರು. ನಾವೆಲ್ಲ ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಪಕ್ಕದ ಮನೆಯಾಕೆ ಎದುರಿಗೆ ಬಂದು ನಿಂತ ಹಾಗಾಯಿತು...

ತೊಂಬತ್ತರ ದಶಕದ ಮಾತು. ನಾನಿನ್ನೂ ಹೊಸ ಸೊಸೆ. ಮೌಶಿ ದಿನದಿನಕ್ಕೆ ಬಿಳಚಿಕೊಳ್ಳುತ್ತಿದ್ದಳು. ನಾಲ್ಕು ಹೆಜ್ಜೆ ಇಟ್ಟರೆ ತೇಕು. ಮಲ ಡಾಂಬರಿನ ಹಾಗೆ ಕಪ್ಪು. ಕೇಳಿದರೆ, "ಮಶೇರಿ ತಿಕ್ಕೋ ಹೆಣ್ಮಗಳಿಗಿ ಬ್ಯಾರೆ ಬಣ್ಣ ಹ್ಯಾಂಗ ಆದೀತ ಬೇ?" ಎಂದು ನಗುತ್ತಿದ್ದಳು. ನಾವೂ ನಂಬಿದ್ದೆವು. ಅದು ಹೊಟ್ಟೆಯೊಳಗೆ ಸೋರುತ್ತಿರುವ ರಕ್ತ ಎಂದು ತಿಳಿದದ್ದು ಮಿರಜಿನ ಆಸ್ಪತ್ರೆಯಲ್ಲಿ.

ಬಾಯಿಂದ ನಳಿಕೆ ಇಳಿಸಿ ಜಠರ ನೋಡಿದರು, ಸ್ವಚ್ಛ. ದೊಡ್ಡ ಕರುಳಿನಲ್ಲೂ ಏನಿಲ್ಲ. ಉಳಿದದ್ದು ನಡುವಿನ ಸಣ್ಣ ಕರುಳು. ಹೊಟ್ಟೆ ಕೊಯ್ದೇ ಹುಡುಕಬೇಕು ಎಂದರೊಬ್ಬ ಡಾಕ್ಟರು. ಮೈಯಲ್ಲಿ ರಕ್ತವೇ ಇಲ್ಲದ ಹೆಂಗಸು ಕೊಯ್ಸಿಕೊಂಡು ಎದ್ದಾಳೆಯೇ ಎಂಬ ಅನುಮಾನ ಅವರಿಗೂ ಇತ್ತು. ಆಗ ಇನ್ನೊಬ್ಬ ಡಾಕ್ಟರು, "ಸಣ್ಣ ಕರಳಿಗಿ ಮುಟ್ಟೂವಂಥಾ ಉದ್ದಂದ ದುರ್ಬೀನ ಬಂದೈತಿ. ಮದಲ ಅದರ್ಲೆ ನೋಡೂಣು" ಎಂದರು.

ಮರುದಿನ ಬೆಳಗ್ಗೆ ಮೌಶಿ ಹೆದರಿದ್ದಳೆಂದು ಕೈ ಹಿಡಿದು ನಿಲ್ಲಲು ನನ್ನನ್ನು ಒಳಗೆ ಬಿಟ್ಟರು. ನಳಿಕೆ ಬಾಯಿಂದ ಇಳಿಯುತ್ತಲೇ, ಒಳಗಿನದನ್ನು ತೋರಿಸಲು ಪಕ್ಕದಲ್ಲಿಟ್ಟಿದ್ದ ಟಿವಿಯ ತುಂಬ ಕರಿ ಕರಿ ಚೂರು. ಡಾಕ್ಟರು ನನ್ನತ್ತ ತಿರುಗಿದರು.

"ನೀರೂ ಕುಡೀಬ್ಯಾಡ್ರಿ ಅಂದಿದ್ನಿ. ಏನ ತಿಂದಾರ್ರಿ?"

"ಏನೂ ಇಲ್ರಿ. ಮಶೇರಿಲೆ ಹಲ್ಲ ತಿಕ್ಕ್ಯಾರ, ಅಷ್ಟ."

"ನಿಪ್ಪಾಣ್ಯಾಗ ಅದನ್ನ ನುಂಗಿದ್ರ ಲೆಕ್ಕಕ್ಕಿಲ್ಲೇನ್ರಿ?" ನಗುತ್ತಲೇ ನೀರು ಬಿಟ್ಟು ತೊಳೆದು, ಹೀರಿ, ಮುಂದೆ ಸಾಗಿದರು.

ಆಮೇಲಿನದನ್ನು ಹೇಗೆ ಹೇಳಲಿ... ಸೀರೆಯ ನಿರಿಗೆಗಳಂಥ ಗುಲಾಬಿ ಮಡಿಕೆಗಳು ಒಂದರ ಹಿಂದೊಂದು ತೆರೆದುಕೊಳ್ಳುತ್ತಿದ್ದವು. ಒಂದು ತಿರುವು, ಇನ್ನೊಂದು ತಿರುವು. ಏನೂ ಇಲ್ಲ. ನಳಿಕೆಯ ಉದ್ದ ಮುಗಿಯುತ್ತ ಬಂತು. ನರ್ಸ್ ಹೊಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿದಳು. ಅದು ಇನ್ನೊಂದಿಷ್ಟು ಜಾರಿತು. ಅಲ್ಲಿತ್ತು. ಕುಂಕುಮದ ಬೊಟ್ಟಿನಷ್ಟು ಕೆಂಪು ಚುಕ್ಕೆ, ಅದರಿಂದ ಸಣ್ಣಗೆ ಒಸರುವ ರಕ್ತ. "ಸಿಕ್ತ" ಎಂದರು ಡಾಕ್ಟರು, ಪಿಸುದನಿಯಲ್ಲಿ. ನಳಿಕೆಯೊಳಗಿಂದಲೇ ಒಂದು ತಂತಿ ತೂರಿಸಿ ಆ ಚುಕ್ಕೆಯನ್ನು ಸುಟ್ಟರು. ಅದು ಬೆಳ್ಳಗಾಯಿತು. ಎಲ್ಲರೂ ಟಿವಿಯನ್ನೇ ನೋಡಿದೆವು. ರಕ್ತ ಬರಲಿಲ್ಲ. ಮೌಶಿಯ ಹಿಡಿತಕ್ಕೆ ನನ್ನ ಎರಡು ಬಳೆ ಒಡೆದದ್ದು ಆಮೇಲೆ ಗೊತ್ತಾಯಿತು.

ಹೊರಗೆ ಬಂದ ಮೇಲೆ ಒಡಕು ದನಿಯಲ್ಲಿ ಕೇಳಿದಳು, "ನನ್ನ ಕರಳ ಹ್ಯಾಂಗಿತ್ತ ಬೇ?"

"ಪೈಠಣಿ ಸೀರಿ ಇದ್ದಂಗಿತ್ರಿ ಮೌಶಿ."

"ಹಂಗಾರ ನಿಮ್ಮತ್ತಿಗಿ ಹೇಳ. ನನ್ನ ಕಡೆ ಒಂದೂ ಚಲೋ ಸೀರಿ ಇಲ್ಲಂತ ಆಡ್ಕೋತಾಳ."

ತಿಂಗಳೊಪ್ಪತ್ತಿನಲ್ಲಿ ಕೆನ್ನೆಗೆ ಬಣ್ಣ ಬಂತು. ಆ ಚುಕ್ಕೆ ಮತ್ತೆಂದೂ ಸೋರಲಿಲ್ಲ. ಹೊಟ್ಟೆಗೆ ಕತ್ತಿ ತಾಗಿಸಿಕೊಳ್ಳದೆಯೇ ಮೌಶಿ ಮೊಮ್ಮಕ್ಕಳ ಮದುವೆ ಕಂಡು, ಮುಪ್ಪಿನಲ್ಲಿ ಹೋದಳು.

ಈಚೆಗೆ ನನ್ನ ಮೈದುನನಿಗೆ ಒಂದು ಗುಳಿಗೆ ನುಂಗಿಸಿದರು. ಅದರೊಳಗೇ ಕ್ಯಾಮೆರಾ, ಸಣ್ಣ ಕರುಳಿನುದ್ದಕ್ಕೂ ತಾನೇ ಚಿತ್ರ ತೆಗೆಯುತ್ತ ಹೋಗುತ್ತದಂತೆ. ಕೇಳಿದ ಕೂಡಲೇ ಮೌಶಿಗೆ ಹೇಳಬೇಕೆಂದು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಬಾಗಿಲವರೆಗೆ ಹೋದ ಮೇಲೆ ನೆನಪಾಯಿತು...