ಗುರುಮಠಕ್ಕೆ ಬರೆದ ಅರ್ಜಿ

ಮಾನ್ಯ ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ಇಂದು ಶುಕ್ರವಾರವಾದ್ದರಿಂದ ಜಯನಗರದ ನಮ್ಮ ಕಚೇರಿಯಲ್ಲಿ ಎಂದಿನಂತೆ ಸಂಜೆ ಪೂಜೆ ನಡೆಯಿತು. ಹಿರಿಯ ಸಹೋದ್ಯೋಗಿ ಶಾರದಾ ಮೇಡಂ ಅವರು ಸಾಂಬ್ರಾಣಿ ಹೊಗೆಯನ್ನು ಕಡತಗಳ ಕಪಾಟಿನಿಂದ ನನ್ನ ಮೇಜಿನವರೆಗೂ ತಂದು, "ನಿಮ್ ಚರ್ಚಲ್ಲೂ ಇದೇ ವಾಸ್ನೆ ತಾನೇ? ನೀವೂ ತಗೊಳ್ಳಿ," ಎಂದರು. ನಾನು ನಕ್ಕೆ. ಆದರೆ ಸದರಿ ವಾಸನೆಯು ಎರಡು ವರ್ಷಗಳ ಹಿಂದೆ ಚೌರಪ್ಪ ತಾತನ ಶವಪೆಟ್ಟಿಗೆಯ ಸುತ್ತ ಆಡಿದ ಹೊಗೆಯನ್ನು ನೆನಪಿಗೆ ತಂದಿತು. ಆಮೇಲೆ ಕಡತದಲ್ಲಿ ಮನಸ್ಸು ನಿಲ್ಲಲಿಲ್ಲ.

ಇದು ನನ್ನ ಮೊದಲ ಬರಹ. ಏಳು ವರ್ಷಗಳ ಸೇವೆಯಲ್ಲಿ ಟಿಪ್ಪಣಿ ಮತ್ತು ಜ್ಞಾಪನಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲ. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ನಮ್ಮ ಚರ್ಚಿನ ಧರ್ಮಕೇಂದ್ರದ ಕೆಲವರು ಭಾನುವಾರದ ಬಲಿಪೂಜೆ, ಅಂದರೆ ಮಾಸ್, ಮುಗಿದ ನಂತರ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಕುಳಿತು ಬರುವುದು ವಾಡಿಕೆ. ನನ್ನ ಪಾಲಿಗೆ ಬಂದವರು ಬಿ.ಟಿ.ಎಂ. ಲೇಔಟಿನ ಒಂದು ಕೋಣೆಯಲ್ಲಿದ್ದ ಚೌರಪ್ಪ ತಾತ, ನಿವೃತ್ತ ಬಸ್ ಚಾಲಕರು. ನನ್ನನ್ನು ಕಂಡೊಡನೆ, "ಏನ್ ಸಾಹೇಬ್ರೇ, ಇವತ್ತು ಯಾವ್ ಫೈಲು?" ಎಂದು ಕೆಣಕುವರು. ಒಂದು ಭಾನುವಾರ ಕೆಣಕಲಿಲ್ಲ. ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು.

"ಪಾಪನಿವೇದನೆ ಮಾಡ್ಬೇಕು ಕಣಪ್ಪ. ಫಾದರ್ ಬರೋವರ್ಗೂ ನಾನಿರಲ್ಲ. ನೀನೇ ಕೇಳ್ಕೊ. ನನ್ ತಮ್ಮನ ವಿಷ್ಯ..."

"ತಾತ, ಅದಕ್ಕೆ ನನಗೆ ಅಧಿಕಾರ ಇಲ್ಲ," ಎಂದೆ.

ಹೇಳಿದ್ದು ನಿಯಮದ ಪ್ರಕಾರ ಸರಿಯೇ. ಪಾಪಗಳನ್ನು ಕೇಳಿ ಕ್ಷಮೆ ನೀಡುವುದು ಗುರುಗಳಿಗೆ, ಅಂದರೆ ಫಾದರ್ ಅವರಿಗೆ, ಮಾತ್ರ ಸಲ್ಲುತ್ತದೆ. ಆದರೆ ನಾನು ಹೇಳಿದ ಧಾಟಿ ಕಚೇರಿಯ ಕೌಂಟರಿನದಾಗಿತ್ತು; ಇದು ನಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದು ದಿನಕ್ಕೆ ಹತ್ತು ಜನರಿಗೆ ಹೇಳುವ ಧಾಟಿ. ಕ್ಷಮೆ ನೀಡಲಾಗದಿದ್ದರೂ ಕಿವಿ ಕೊಡಬಹುದಿತ್ತು. ತಾತ ಕೈ ಬಿಟ್ಟು ಗೋಡೆಯ ಕಡೆ ತಿರುಗಿದರು. ಗುರುಗಳಿಗೆ ಫೋನು ಮಾಡಿದೆ. ಅವರು ಗಿರಿನಗರದಲ್ಲಿದ್ದರು. ರಿಂಗ್ ರೋಡಿನ ವಾಹನಗಳನ್ನು ದಾಟಿ ಅವರು ಬಂದಾಗ ತಾತನ ಮಾತು ನಿಂತುಹೋಗಿತ್ತು. ತಮ್ಮನ ವಿಷಯ ಏನೆಂಬುದು ಇಂದಿಗೂ ಯಾರಿಗೂ ತಿಳಿಯದು.

ಮೂರು ತಿಂಗಳ ತರುವಾಯ, ಗುರುಗಳಾಗಬಯಸುವವರಿಗೆ ತರಬೇತಿ ನೀಡುವ ಗುರುಮಠಕ್ಕೆ ಅಭ್ಯರ್ಥಿಗಳನ್ನು ಆಯ್ಕೆ ಮಾಡುವ ಫಾದರ್ ಅವರಿಗೆ ಅರ್ಜಿ ಬರೆದೆ. ವಿಷಯ, ಉಲ್ಲೇಖ, ಅಡಕಗಳು, ಎಲ್ಲವೂ ಕ್ರಮಬದ್ಧವಾಗಿದ್ದವು. ತಾತನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಫಾದರ್ ಫೋನು ಮಾಡಿ, "ವರ್ಗಾವಣೆ ಕೇಳ್ದಂಗೆ ಬರ್ದಿದ್ದೀರಲ್ರೀ! ಭಾನುವಾರ ಮನೆಗೆ ಬರ್ತೀನಿ," ಎಂದರು. ಅಭ್ಯರ್ಥಿಯ ಮನೆಯನ್ನು ಕಂಡು, ಮನೆಯವರೊಡನೆ ಮಾತನಾಡಿದ ಮೇಲೆಯೇ ಮುಂದಿನ ಕ್ರಮವಂತೆ.

ಗೊಟ್ಟಿಗೆರೆಯ ನಮ್ಮ ಮನೆಯಲ್ಲಿರುವುದು ನಾನು ಮತ್ತು ಅಮ್ಮ. ಅಕ್ಕನ ಸಂಸಾರ ಮೇಲಿನ ಮಹಡಿಯಲ್ಲಿದೆ. ಅಮ್ಮನಿಗೆ ಫಾದರ್ ಬರುತ್ತಾರೆ ಎಂದಷ್ಟೇ ತಿಳಿಸಿದೆ, ಉದ್ದೇಶವನ್ನು ತಿಳಿಸಲಿಲ್ಲ. ಇಪ್ಪತ್ತೆಂಟು ದಾಟಿದ ಮಗನಿರುವ ಮನೆಗೆ ಫಾದರ್ ತಾವಾಗಿ ಬಂದರೆ ನಮ್ಮವರು ತಿಳಿಯುವುದು ಒಂದನ್ನೇ: ಹೆಣ್ಣಿನ ಸುದ್ದಿ ತಂದಿದ್ದಾರೆ. ಅಮ್ಮ ಕೇಸರಿಬಾತ್ ಮಾಡಿ, ನನ್ನ ಫೋಟೊ ಇದ್ದ ಲಕೋಟೆಯನ್ನು ಟೀಪಾಯಿಯ ಮೇಲಿಟ್ಟರು. ಅದನ್ನು ಕಂಡೂ ನಾನು ಬಾಯಿ ಬಿಡಲಿಲ್ಲ.

"ಹುಡ್ಗಿ ಯಾವ್ ಕಡೆಯವ್ಳು ಫಾದರ್? ಜೆ.ಪಿ. ನಗರದೋರಾ?"

ಫಾದರ್ ಚಮಚವನ್ನು ತಟ್ಟೆಯಲ್ಲಿಟ್ಟು ನನ್ನತ್ತ ನೋಡಿದರು. "ಅಮ್ಮಂಗೆ ಹೇಳೇ ಇಲ್ವಾ?"

ನಾನು ಅರ್ಜಿಯ ಪ್ರತಿಯನ್ನು ಜೇಬಿನಿಂದ ತೆಗೆದು ಅಮ್ಮನ ಕೈಗಿತ್ತೆ. ಅಮ್ಮ ಮೊದಲ ಸಾಲು ಓದಿ, ಕಾಗದವನ್ನು ಲಕೋಟೆಯ ಮೇಲೆ ಮಗುಚಿಟ್ಟರು.

"ಇವ್ನು ಹೆತ್ತ ತಾಯಿ ಹತ್ರ ಬಾಯ್ ಬಿಡಲ್ಲ. ಚರ್ಚಲ್ಲಿ ಜನರ ಮುಂದೆ ನಿಂತು ಏನ್ ಪ್ರಸಂಗ ಮಾಡ್ತಾನೆ ಫಾದರ್? ನೋಟಿಸ್ ಬೋರ್ಡಿಗೆ ಅಂಟಿಸ್ತಾನಾ?"

ಫಾದರ್ ನಗಲಿಲ್ಲ. "ಈಗ ಹೇಳಿ. ಕಾಗ್ದ ಬೇಡ," ಎಂದರು.

ತಾತನ ಕೈ, ಗೋಡೆ, ನಾನಾಡಿದ ಮಾತು, ಎಲ್ಲವನ್ನೂ ಮೊದಲ ಬಾರಿಗೆ ಇಬ್ಬರ ಮುಂದೆ ಹೇಳಿದೆ. ಅಮ್ಮ ಕೇಸರಿಬಾತಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೇಳಿದರು:

"ಇದು ದೇವ್ರು ಕರ್ದಿದ್ದಾ, ಇಲ್ಲ ಆ ಯಪ್ಪಂಗೆ ಹಂಗಂದೆ ಅಂತ ನಿಂಗೆ ನೀನೇ ಕೊಟ್ಕೊಳ್ತಿರೋ ಶಿಕ್ಷೆನಾ?"

ನಾನು ಟೀಪಾಯಿಯ ಮೇಲಿನ ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

"ನಾನು ಕೇಳ್ಬೇಕಾದ್ದನ್ನ ನೀವೇ ಕೇಳಿದ್ರಿ ಅಮ್ಮ," ಎಂದ ಫಾದರ್ ನನ್ನತ್ತ ತಿರುಗಿದರು. "ಒಂದು ವರ್ಷ ಹಿಂಗೇ ಇರಿ. ಪ್ರತಿ ವಾರ ರೋಗಿಗಳ ಹತ್ರ ಹೋಗಿ. ಆ ನೋವು ಕಮ್ಮಿಯಾದ್ಮೇಲೂ ಆಸೆ ಉಳಿದ್ರೆ ಬನ್ನಿ. ಉಳೀದಿದ್ರೂ ಬಂದು ಹೇಳಿ, ಕಾಫಿ ಕುಡಿಯೋಣ."

ಓದುಗರೇ, ಆ ವರ್ಷದಷ್ಟು ಕಠಿಣವಾದ ವರ್ಷವನ್ನು ನಾನು ಕಂಡಿಲ್ಲ. ನೋವು ಮಾಯುತ್ತಾ ಬಂದಂತೆ ಭಯ ಹೆಚ್ಚಿತು: ಅದರ ಜೊತೆಗೆ ಕರೆಯೂ ಮಾಯವಾದರೆ? ಹುಣ್ಣನ್ನು ಮುಟ್ಟಿ ನೋಡುವಂತೆ ದಿನವೂ ತಾತನನ್ನು ನೆನೆಯುತ್ತಿದ್ದೆ. ಅಮ್ಮ ನನ್ನ ಫೋಟೊದ ಲಕೋಟೆಯನ್ನು ಬೀರುವಿನೊಳಗೆ ಇಡಲೂ ಇಲ್ಲ, ಹೊರಗೆ ಕೊಡಲೂ ಇಲ್ಲ. ಹೀಗಿರಲು ಒಂದು ಭಾನುವಾರ ಬನಶಂಕರಿಯ ಒಬ್ಬ ಅಜ್ಜಿ ಎರಡು ಗಂಟೆಗಳ ಕಾಲ ಸೊಸೆಯ ಸಾರನ್ನು ಬೈದರು. ಉಪ್ಪಿಲ್ಲ, ಹುಳಿಯಿಲ್ಲ, ಮರ್ಯಾದೆಯಿಲ್ಲ. ಎಲ್ಲವನ್ನೂ ಕೇಳಿದೆ. ಬಸ್ಸಿನಲ್ಲಿ ಹಿಂದಿರುಗುವಾಗ ಹೊಳೆಯಿತು: ಆ ದಿನ ತಾತ ಒಮ್ಮೆಯೂ ನೆನಪಾಗಿರಲಿಲ್ಲ. ಆದರೂ ಮರುದಿನವೇ ಆ ಅಜ್ಜಿಯ ಬಳಿಗೆ ಹೋಗಬೇಕೆನಿಸುತ್ತಿತ್ತು.

ಆ ಸಂಜೆ ಫಾದರ್‌ಗಿಂತ ಮೊದಲು ಅಮ್ಮನಿಗೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಆಸೆ ಉಳಿದಿದೆ ಎಂದು ಬಾಯಿಂದಲೇ ಹೇಳಿದೆ. ಅವರು ಒಲೆ ಆರಿಸಿ, "ಸರಿ," ಎಂದರು.

ನನ್ನ ರಾಜೀನಾಮೆ ಅಂಗೀಕಾರವಾಗಿದೆ. ಇನ್ನು ಹತ್ತು ದಿನಗಳಿವೆ. ಗುರುಮಠದಲ್ಲಿ ಎಲ್ಲರ ಬಟ್ಟೆಗಳನ್ನೂ ಒಟ್ಟಿಗೆ ಒಗೆಯುವುದರಿಂದ ಪ್ರತಿಯೊಂದರ ಮೇಲೂ ಸಂಖ್ಯೆ ಹೊಲಿದು ತರಬೇಕೆಂದು ಸೂಚನೆ ಬಂದಿದೆ. ನನ್ನದು ನಲವತ್ತಮೂರು. ನಾನಿದನ್ನು ಬರೆಯುತ್ತಿರುವಂತೆ ಅಮ್ಮ ಎದುರಿಗೆ ಕುಳಿತು ಕೆಂಪು ದಾರದಲ್ಲಿ ಹೊಲಿಯುತ್ತಿದ್ದಾರೆ.

"ಅಲ್ಲಿ ಸರಿಹೋಗ್ದೆ ವಾಪಸ್ ಬಂದ್ರೆ, ಇದನ್ನ ಬಿಚ್ಬೋದಲ್ವಾ?"

"ಬಿಚ್ಬೋದಮ್ಮ."

"ಹಂಗಾದ್ರೆ ಸಡಿಲವಾಗೇ ಹಾಕ್ತೀನಿ."

ಅವರು ನೀರು ಕುಡಿಯಲು ಎದ್ದಾಗ ಒಂದು ಟವೆಲನ್ನು ಎತ್ತಿಕೊಂಡು ದಾರದ ತುದಿಯನ್ನು ಉಗುರಿನಿಂದ ಎಳೆದು ನೋಡಿದೆ. ಮೂರು ಗಂಟು ಹಾಕಿದ್ದರು.